ಹಿತ್ತಿಲ ಗೋಡೆಯ ನಲ್ಲಿ

ಕಾಲೇಜ್ ಹಾಸ್ಟೆಲ್, ಮಿನೆಸೋಟ
21 ಸೆಪ್ಟೆಂಬರ್ 1986

ಅಪ್ಪನಿಗೆ,

ಕಂಬಳಿ ತಲುಪಿತು, ಥ್ಯಾಂಕ್ಸ್. ಈ ಪತ್ರವನ್ನು ಮೂರು ಸಲ ಶುರು ಮಾಡಿ ಮೂರು ಸಲ ಹರಿದುಹಾಕಿದ್ದೇನೆ. ನಾಲ್ಕನೆಯದು ಹೇಗೇ ಇದ್ದರೂ ಕಳಿಸಿಬಿಡುತ್ತೇನೆ.

ನಾನು ಚೆನ್ನಾಗಿದ್ದೇನೆ. ಅಂದರೆ ಊಟ ಮಾಡುತ್ತೇನೆ, ಕ್ಲಾಸಿಗೆ ಹೋಗುತ್ತೇನೆ. ಐದು ವರ್ಷ ಕನ್ಯಾಸ್ತ್ರೀಯರ ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡವಳು ನಾನು. ಇಲ್ಲಿ ಯಾರೂ ಗಂಟೆ ಹೊಡೆಯುವುದಿಲ್ಲ. ಬೆಳಿಗ್ಗೆ ಐದೂವರೆಗೇ ಶೂ ಹಾಕಿಕೊಂಡು ಮಂಚದ ತುದಿಯಲ್ಲಿ ಕೂತಿರುತ್ತೇನೆ. ರೂಮಿನಲ್ಲಿ ಜೊತೆಗಿರುವ ಗ್ರೆಚೆನ್ ಕಂಬಳಿಯೊಳಗಿಂದಲೇ, "ಏನೇ, ಬಸ್ಸಿಗೆ ಕಾಯ್ತಿದ್ದೀಯಾ?" ಅನ್ನುತ್ತಾಳೆ.

ಒಂದು ಕೆಲಸಕ್ಕಾಗಿ ಬರೆಯುತ್ತಿದ್ದೇನೆ. ನಮ್ಮ ಬರವಣಿಗೆ ಕ್ಲಾಸಿಗೆ ಪ್ರತಿಯೊಬ್ಬರೂ ಮನೆಯಿಂದ ಅಚ್ಚಾಗದ ಪುಸ್ತಕವೊಂದನ್ನು ತರಿಸಬೇಕಂತೆ. ಮಿಕ್ಕವರ ಮನೆಯಲ್ಲಿ ಅಜ್ಜಂದಿರ ಯುದ್ಧದ ಡೈರಿಗಳಿವೆ. ನನಗೆ ನೆನಪಾದದ್ದು ಬೆಲ್ ಸ್ಪ್ರಿಂಗಿನ ನಮ್ಮ ಬೆಟ್ಟದ ಮನೆಯ ಪುಸ್ತಕ ಒಂದೇ. ಬಾಗಿಲ ಹಿಂದಿನ ಮೊಳೆಗೆ ದಾರ ಕಟ್ಟಿ ನೇತುಹಾಕಿರುತ್ತಿದ್ದ ಹಸಿರು ರಟ್ಟಿನದು. ಬೇಸಿಗೆಯಲ್ಲಿ ಬೆಟ್ಟ ಹತ್ತಿದ ದಿನ ಒಂದು ಪುಟ, ಇಳಿಯುವ ದಿನ ಒಂದು ಪುಟ ಬರೆಯುತ್ತಿದ್ದೆವಲ್ಲ, ಅದು. ಕಳಿಸುತ್ತೀರಾ? ಡಿಸೆಂಬರಿನೊಳಗೆ ಬೇಕು.

ಕ್ರಿಸ್‌ಮಸ್‌ಗೆ ನಾನು ಬರುವುದಿಲ್ಲ. ಯಾಕೆಂದು ನಿಮಗೆ ಗೊತ್ತು.

ಇತಿ,
ಹಿಲ್ಡಾ


ಪೋಸೊ ಸೆಕೊ, ಅರಿಜೋನ
5 ಅಕ್ಟೋಬರ್ 1986

ಮಗಳೇ,

ನಿನ್ನ ಪತ್ರ ಓದಿದೆ. 'ನೀವು' ಅಂತ ಬರೆದಿದ್ದೀಯ. ಕನ್ಯಾಸ್ತ್ರೀಯರು ಕಲಿಸಿದ್ದಿರಬೇಕು. ನಿನ್ನ ಅಜ್ಜಿ ಇದ್ದಿದ್ದರೆ, "ಯಾರಿಗೆ ಬರ್ದಿದ್ದಾಳೋ ಇದು, ಗವರ್ನರ್‌ಗಾ?" ಅನ್ನುತ್ತಿದ್ದಳು.

ಇಲ್ಲಿ ಬಿಸಿಲು ಇನ್ನೂ ಇಳಿದಿಲ್ಲ. ಬೆಟ್ಟಕ್ಕೆ ಹೋಗಿದ್ದವರೆಲ್ಲ ವಾಪಸ್ ಬಂದಿದ್ದಾರೆ. ಶಾಲೆ ಮತ್ತೆ ತುಂಬಿದೆ. ನಾನು ಕಿಟಕಿ ಒರೆಸುತ್ತೇನೆ, ಮುರಿದ ಬೆಂಚು ಸರಿಮಾಡುತ್ತೇನೆ, ಎಲೆ ಗುಡಿಸುತ್ತೇನೆ. ಪುಟ್ಟ ಮಕ್ಕಳು ನನ್ನನ್ನು ಮಿಸ್ಟರ್ ಫೆರ್ಮಿನ್ ಅನ್ನುತ್ತವೆ. ಕೂಲರ್ ರಿಪೇರಿಗೆ ಈಗ ಯಾರೂ ಕರೆಯುವುದಿಲ್ಲ, ಅದು ನಿನಗೆ ಗೊತ್ತೇ ಇದೆ. ಶಾಲೆಯ ಕೂಲರಿಗೂ ಬೇರೆ ಊರಿನಿಂದ ಆಳು ಬರುತ್ತಾನೆ. ನಾನು ಕೆಳಗೆ ನಿಂತು ಏಣಿ ಹಿಡಿಯುತ್ತೇನೆ.

ಆ ಪುಸ್ತಕದಲ್ಲಿ ಏನಿದೆ ಮಗಳೇ? ಮಳೆ ಬಂತು, ಇಲಿ ಬಂತು, ಅಷ್ಟೇ. ಬೇರೆ ಏನಾದರೂ ಕಳಿಸಲೇ? ಅಜ್ಜಿಯ ಜಪಮಾಲೆ ಇದೆ. ನಿನ್ನ ತಾತ ಮರದ ಮಿಲ್ಲಿನಲ್ಲಿ ಕೆಲಸ ಮಾಡುವಾಗಿನ ಹಾಜರಿ ಚೀಟಿಗಳಿವೆ. ಇನ್ನು ಬೆಟ್ಟದ ದಾರಿ ಹಿಮ ಬಿದ್ದು ಮುಚ್ಚುತ್ತದೆ.

ಚಳಿಯಲ್ಲಿ ಟೋಪಿ ಹಾಕಿಕೋ.

ನಿನ್ನ ಅಪ್ಪ


ಮಿನೆಸೋಟ
26 ಅಕ್ಟೋಬರ್ 1986

ಅಪ್ಪನಿಗೆ,

ಅಕ್ಟೋಬರಿನಲ್ಲಿ ಬೆಲ್ ಸ್ಪ್ರಿಂಗಿನ ದಾರಿ ಮುಚ್ಚುವುದಿಲ್ಲ. ಚಳಿಗೆ ಒಡೆಯದ ಹಾಗೆ ಪೈಪಿನ ನೀರು ಖಾಲಿ ಮಾಡಲು ನೀವು ಪ್ರತಿವರ್ಷ ಈ ತಿಂಗಳೇ ಹೋಗುತ್ತೀರಿ. ನಾನು ಮರೆತಿದ್ದೇನೆ ಅಂದುಕೊಂಡಿರಾ?

ನನಗೆ ಹಾಜರಿ ಚೀಟಿ ಬೇಡ. ಅಜ್ಜಿಯ ಮಾತು ಬೇಕು. ಅಮ್ಮ ನಮ್ಮನ್ನು ಬಿಟ್ಟು ಇಂಗ್ಲೆಂಡಿಗೆ ವಾಪಸ್ ಹೋದ ಮೇಲೆ ನನ್ನನ್ನು ಬೆಳೆಸಿದವಳು ಕುಕಾ ಅಜ್ಜಿ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಅವಳು ಹೇಳುವುದನ್ನು ನಾನು ಬರೆದುಕೊಂಡದ್ದು ಆ ಪುಸ್ತಕದಲ್ಲಿ ಮಾತ್ರ. ಅದು ಬಿಟ್ಟರೆ ಅವಳದು ಅಂತ ನನ್ನ ಹತ್ತಿರ ಏನೂ ಇಲ್ಲ.

ಅಜ್ಜಿಯ ಮಣ್ಣಿನ ದಿನ ಚರ್ಚಿನ ಮೆಟ್ಟಿಲ ಮೇಲೆ ನಾನು ನಿಮಗೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ನೀವು ಕಾಯುತ್ತಿದ್ದರೆ, ಇಲ್ಲ. "ಊರಿಗೆಲ್ಲ ತಂಪು ಮಾಡ್ತೀಯ, ನಿನ್ನ ಅಮ್ಮಂಗೆ ಒಂದು ಪಂಪ್ ಹಾಕೋಕಾಗ್ಲಿಲ್ವಾ?" ಆಗ ನನಗೆ ಹದಿಮೂರು. ಈಗ ಹದಿನೆಂಟು. ಈಗಲೂ ಅದನ್ನೇ ಕೇಳುತ್ತೇನೆ. ಕೂಲರಿನೊಳಗೆ ನೀರು ಎತ್ತುವ ಪಂಪ್ ನರಳುತ್ತಿತ್ತು, ನಾಳೆ ಬದಲಿಸೋಣ ಅಂತ ಬಿಟ್ಟೆ ಅಂತ ನೀವೇ ಎಲ್ಲರ ಎದುರು ಒಪ್ಪಿಕೊಂಡಿರಿ. ಅದು ಸುಟ್ಟುಹೋಯಿತು, ಜೂನ್ ತಿಂಗಳ ಬಿಸಿಲಲ್ಲಿ ನಾಲ್ಕು ದಿನ ಅವಳು ಬಿಸಿಗಾಳಿಯಲ್ಲಿ ಕೂತಳು. ನಾನು ಬೆಟ್ಟದ ಮೇಲೆ ಸ್ವೆಟರ್ ಹಾಕಿಕೊಂಡಿದ್ದೆ.

ಆಮೇಲೆ ನನ್ನನ್ನು ಹಾಸ್ಟೆಲಿಗೆ ಕಳಿಸಿದಿರಿ. ಐದು ವರ್ಷದಲ್ಲಿ ಒಂದು ಬೇಸಿಗೆಗೂ ನಾನಾಗಿ ಬರಲಿಲ್ಲ, ನಿಜ. ನೀವಾಗಿ ಕರೆಯಲೂ ಇಲ್ಲ.

ದಯವಿಟ್ಟು ಪುಸ್ತಕ ಕಳಿಸಿ.

ಹಿಲ್ಡಾ


ಪೋಸೊ ಸೆಕೊ
16 ನವೆಂಬರ್ 1986

ಮಗಳೇ,

ಪುಸ್ತಕ ಇದರ ಜೊತೆಗಿದೆ. ಒಂದೆರಡು ಹಾಳೆ ಹಾಳಾಗಿರಬಹುದು. ಇಲಿ ಕಾಟ.

ಅಜ್ಜಿಯ ಮಾತು ಓದಿ ನಗು.

ಅಪ್ಪ


ಮಿನೆಸೋಟ
7 ಡಿಸೆಂಬರ್ 1986

ಅಪ್ಪನಿಗೆ,

ನಕ್ಕೆ. ಗ್ರೆಚೆನ್‌ಗೂ ಓದಿ ಹೇಳಿದೆ. ಹಿಲ್ಡಾ ಅನ್ನುವುದು ಅಜ್ಜಿಯ ಬಾಯಲ್ಲಿ ಇಲ್ದಿತಾ ಆಗುತ್ತಿದ್ದದ್ದನ್ನೂ ಹೇಳಿದೆ. ಅವಳಿಗೆ ಅಜ್ಜಿ ಅಂದರೆ ಯಾರೋ ದೊಡ್ಡ ದಂಡನಾಯಕಿ ಅನ್ನಿಸಿದೆ.

1976: "ಬರ್ಕೋ ಇಲ್ದಿತಾ. ಒಲೆ ಹೊಗೆ ಉಗುಳ್ತಿದೆ. ನಿನ್ನ ಅಪ್ಪ ಸರಿ ಮಾಡ್ತೀನಿ ಅಂತ ಹತ್ತಿ ಕರಿಯಾಗಿ ಇಳ್ದ. ಒಲೆ ಇನ್ನೂ ಉಗುಳ್ತಿದೆ. ಇದನ್ನೂ ಬರ್ಕೋ."

1978: "ಪಕ್ಕದ ಮನೆಯೋಳು ನನ್ನ ರೊಟ್ಟಿ ಇಸ್ಕೊಂಡು ಹೋಗಿ, ತಾನು ಬೇಯ್ಸಿದ ಸೇಬಿನ ಪೈ ಕೊಟ್ಟು ಕಳ್ಸಿದ್ಲು. ಮೋಸ ಹೋದೆ."

1980: "ಈ ಹುಡುಗಿ ಹೊಳೆಯಲ್ಲಿ ಮಧ್ಯಾಹ್ನ ಎಲ್ಲಾ ಕೂತಿದ್ಲು. ಇಂಗ್ಲಿಷ್ ಅರ್ಧ ಕೆಂಪಗಾಗಿದೆ, ನನ್ನ ಅರ್ಧಕ್ಕೆ ಏನೂ ಆಗಿಲ್ಲ."

ಎಲ್ಲರೂ ನನ್ನನ್ನು ಅರ್ಧ ಇಂಗ್ಲಿಷಳು ಅಂದಾಗ ಮೈ ಉರಿಯುತ್ತಿತ್ತು. ಅಜ್ಜಿ ಅಂದಾಗ ಮಾತ್ರ ನನ್ನ ಎರಡು ಅರ್ಧಗಳೂ ಅವಳ ಮಡಿಲಲ್ಲೇ ಇವೆ ಅನ್ನಿಸುತ್ತಿತ್ತು.

ಪ್ರತಿ ಜೂನ್ ತಿಂಗಳ ಪುಟದ ಕೊನೆಯಲ್ಲಿ ಕೆಳಗಿನ ಮನೆಯ ಪಟ್ಟಿ ಇದೆ. ನಿಮ್ಮ ನಿಯಮ ಅದು: ಹೊರಡುವಾಗ ಏನೇನು ಮುಚ್ಚಿದೆವು ಅಂತ ಬೆಟ್ಟಕ್ಕೆ ಬಂದ ತಕ್ಷಣ ಬರೆದಿಡಬೇಕು, ಇಲ್ಲದಿದ್ದರೆ ಹತ್ತು ವಾರ ಅದೇ ಯೋಚನೆ. "ಗ್ಯಾಸ್ ಬಂದ್: ಅಪ್ಪ. ಕಿಟಕಿ ಬಂದ್: ಅಜ್ಜಿ. ಅಪ್ಪ ಎರಡು ಸಲ ಹಾರ್ನ್ ಹೊಡೆದ. ಕೂಲರಿನ ನಲ್ಲಿ ಬಂದ್: ಹಿಲ್ಡಾ." ಏಳನೇ ವಯಸ್ಸಿನಿಂದ ಅದೇ ಸಾಲು. ಎಷ್ಟು ಹೆಮ್ಮೆಯಿತ್ತು ನನಗೆ! ಎಲ್ಲ ಟ್ರಕ್ಕಿಗೆ ಏರಿಸಿದ ಮೇಲೆ ನೀವು ಎರಡು ಸಲ ಹಾರ್ನ್ ಹೊಡೆಯುವುದು, ನಾನು ಹಿತ್ತಿಲಿಗೆ ಓಡಿ ಗೋಡೆಯ ನಲ್ಲಿ ತಿರುಗಿಸಿ ಬರುವುದು, ಆಮೇಲೆ ನಾವು ಹೊರಡುವುದು. ಚಾವಣಿಯ ಮೇಲಿನ ಕೂಲರಿಗೆ ಹೋಗುವ ಆ ನೀರು ನಿಲ್ಲಿಸದೆ ಹೋದರೆ ತೊಟ್ಟಿ ತುಂಬಿ ಹರಿದು ಚಾವಣಿ ಸೋರಿ ಕೊಳೆಯುತ್ತದೆ ಅಂತ ನೀವು ಎಷ್ಟು ಸಲ ಹೇಳಿದ್ದೀರೋ.

ಆದರೆ 1981ರ ಹಾಳೆ ಇಲ್ಲ. ಇಲಿ ತಿಂದರೆ ಅಂಚು ಹಲ್ಲುಹಲ್ಲಾಗಿರುತ್ತದೆ. ಇದು ಹೊಲಿಗೆಯ ಪಕ್ಕದಲ್ಲಿ ನೆಟ್ಟಗೆ, ಬ್ಲೇಡಿನಲ್ಲಿ ಕೊಯ್ದಿದೆ. ಅದು ಅಜ್ಜಿ ಹೋದ ವರ್ಷದ ಪುಟ. ಬೆಟ್ಟ ಹತ್ತಿದ ಆ ಶನಿವಾರ ಅಲ್ಲಿ ಬರೆದದ್ದು ನಾನೇ. ಏನು ಬರೆದೆ ಅಂತ ನೆನಪಿಲ್ಲ. ಅದನ್ನು ಯಾಕೆ ತೆಗೆದಿರಿ?

ಹಿಲ್ಡಾ


ಪೋಸೊ ಸೆಕೊ
20 ಡಿಸೆಂಬರ್ 1986

ಮಗಳೇ,

ಖರ್ಜೂರ ಕಳಿಸಿದ್ದೇನೆ. ಗ್ರೆಚೆನ್‌ಗೂ ಕೊಡು. ಬೀಜ ಇದೆ, ನೋಡಿ ಕಚ್ಚು ಅಂತ ಹೇಳು.

ಅಂಜೂರದ ಮರ ಎಲೆ ಉದುರಿಸಿದೆ. ಈ ವರ್ಷ ಹಣ್ಣು ಬಹಳ ಬಿಟ್ಟಿತ್ತು. ಎಲ್ಲ ಹಕ್ಕಿಗಳೇ ತಿಂದವು. ನಾನು ಕೀಳಲಿಲ್ಲ.

ಒಂದು ಹಾಳೆ ಹೋದರೆ ಹೋಯಿತು ಬಿಡು. ಮಿಕ್ಕದ್ದು ಇದೆಯಲ್ಲ. ಪರೀಕ್ಷೆ ಚೆನ್ನಾಗಿ ಮಾಡು.

ಹಬ್ಬದ ಆಶೀರ್ವಾದಗಳು.

ಅಪ್ಪ


ಮಿನೆಸೋಟ
18 ಜನವರಿ 1987

ಅಪ್ಪನಿಗೆ,

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಮಧ್ಯದಲ್ಲಿ ನಿಲ್ಲಿಸಿದರೆ ಮತ್ತೆ ಬರೆಯಲಾರೆ.

ಇಲ್ಲಿ ಚಳಿ ವಿಪರೀತವಾದಾಗ ನೀರಿನ ಪೈಪು ಹೆಪ್ಪುಗಟ್ಟುತ್ತದೆ. ಅದಕ್ಕೇ ನಲ್ಲಿಯನ್ನು ಪೂರ್ತಿ ನಿಲ್ಲಿಸದೆ ಸಣ್ಣಗೆ ಹನಿಯಲು ಬಿಡಬೇಕಂತೆ. ನಮ್ಮ ಮಹಡಿಯ ಸ್ನಾನದ ಮನೆಯಲ್ಲಿ ಚೀಟಿ ಅಂಟಿಸಿದ್ದಾರೆ: "ದಯವಿಟ್ಟು ನಲ್ಲಿ ಬಂದ್ ಮಾಡಬೇಡಿ." ಹೋದ ಗುರುವಾರ ಪೈಪು ಒಡೆದು ಗೋಡೆಯೆಲ್ಲ ನೀರು. ಹಾಸ್ಟೆಲ್ ನೋಡಿಕೊಳ್ಳುವಾತ, ಪಾಪ ಒಳ್ಳೆಯವನು, ಕೈಯಲ್ಲಿ ಪಾನಾ ಹಿಡಿದುಕೊಂಡು ಬಂದು ಕೂಗಿದ.

"ಯಾರಮ್ಮಾ ಅದು ನಲ್ಲಿ ಬಂದ್ ಮಾಡಿದ್ದು? ಚೀಟಿ ಓದಕ್ಕೆ ಬರಲ್ವಾ? ಕಾಲೇಜಿಗೆ ಬಂದಿದ್ದೀರಾ, ಕತ್ತೆ ಮೇಯ್ಸೋಕಾ?"

"ನಾನಲ್ಲ," ಅಂದೆ. ಎಲ್ಲರಿಗಿಂತ ಮೊದಲು ನಾನೇ ಅಂದೆ.

ಗ್ರೆಚೆನ್ ನನ್ನ ಮುಖ ನೋಡಿದಳು. "ಹಿಲ್ಡಾ, ನೀನೇ ಕಣೇ. ದಿನಾ ನೀನೇ ಮಾಡೋದು. ಹೊರಗೆ ಹೋಗೋವಾಗ ಎಲ್ಲಾ ನಲ್ಲೀನೂ ಒಂದ್ಸಲ ತಿರುಗಿಸ್ತೀಯ. ನಾನು ಹಿಂದಿನಿಂದ ಬಂದು ಮತ್ತೆ ಹನಿಯೋ ಹಾಗೆ ತೆರೀತಿದ್ದೆ. ಇವತ್ತು ಮರೆತೆ."

ಅಪ್ಪಾ, ನಾನು ಸುಳ್ಳು ಹೇಳಲಿಲ್ಲ. ನನಗೆ ಗೊತ್ತಿರಲಿಲ್ಲ. ನನ್ನ ಕೈ ತಾನೇ ಹೋಗಿ ತಿರುಗಿಸಿ ಬರುತ್ತದೆ, ನನಗೆ ಹೇಳುವುದೇ ಇಲ್ಲ.

ಅಲ್ಲೇ ನಿಂತಿದ್ದೆ, ನೀರು ಶೂ ಒಳಗೆ ಬರುತ್ತಿತ್ತು, ಆಗ ಆ ಶನಿವಾರ ಕಣ್ಣ ಮುಂದೆ ಬಂತು. ಅಜ್ಜಿ ಅಂಜೂರದ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತು ಬರುವುದಿಲ್ಲ ಅಂದಳು. ನೀವು, "ಏನಮ್ಮಾ ಇದು, ಪೆಟ್ಟಿಗೆ ಟ್ರಕ್ಕಿಗೆ ಹಾಕಿ ಆಯ್ತು," ಅಂದಿರಿ.

"ಹಾಗಿದ್ರೆ ಪೆಟ್ಟಿಗೇನ ಕರ್ಕೊಂಡು ಹೋಗು. ಇನ್ನೊಂದು ವಾರಕ್ಕೆ ಅಂಜೂರ ಹಣ್ಣಾಗತ್ತೆ. ಹಕ್ಕಿಗೆ ಬಿಟ್ಟು ಬರ್ಲಾ? ಮುಂದಿನ ಶನಿವಾರ ಕರ್ಕೊಂಡು ಹೋಗೋವಂತೆ."

"ನೀನಿಲ್ದೆ ಅಲ್ಲಿ ರೊಟ್ಟಿ ಯಾರಜ್ಜಿ ಮಾಡ್ತಾರೆ?" ಅಂದೆ ನಾನು.

"ನಿನ್ನ ಇಂಗ್ಲಿಷ್ ಅರ್ಧ ಹೋಗಿ ಬ್ರೆಡ್ ತಿನ್ಲಿ. ನನ್ನ ಅರ್ಧ ಇಲ್ಲೇ ಬಿಟ್ಟು ಹೋಗು, ಅದಕ್ಕೆ ನಾನು ರೊಟ್ಟಿ ಹಾಕ್ತೀನಿ."

ಅವತ್ತು ಆ ಮಾತಿಗೆ ನನಗೆ ನಗು ಬರಲಿಲ್ಲ. ಸಿಟ್ಟು ಬಂತು. ಹೋಗಿಬರ್ತೀನಿ ಅಂತ ಕೂಡ ಹೇಳಲಿಲ್ಲ, ಮುತ್ತು ಕೊಡಲಿಲ್ಲ. ಮುಖ ತಿರುಗಿಸಿಕೊಂಡು ಓಡಿದೆ. ಎಲ್ಲಿಗೆ ಓಡಿದೆ? ಟ್ರಕ್ ಮನೆಯ ಮುಂದೆ ಇತ್ತು. ನಾನು ಓಡಿದ್ದು ಹಿತ್ತಿಲಿಗೆ. ಹಿತ್ತಾಳೆಯ ಹಿಡಿ ಸುಡುತ್ತಿತ್ತು, ಲಂಗದ ಅಂಚಿನಲ್ಲಿ ಹಿಡಿದೆ. ಅದು ಕೈಗೆ ಗೊತ್ತಿದೆ. ಆದರೆ ಅದು ಆ ವರ್ಷದ್ದೋ ಹಿಂದಿನ ವರ್ಷದ್ದೋ ಅನ್ನುವುದು ನನಗೆ ಖಾತ್ರಿಯಿಲ್ಲ.

ಪಂಪ್ ಸುಟ್ಟಿತು ಅಂದಿರಿ. ನೀರಿಲ್ಲದೆ ಓಡಿದರೆ ಪಂಪ್ ಸುಡುತ್ತದೆ. ಅದನ್ನು ನನಗೆ ಕಲಿಸಿದ್ದು ನೀವೇ.

ಆ ಪುಟದ ಕೊನೆಯಲ್ಲಿ ಏನಿದೆ?

ಹಿಲ್ಡಾ


ಮಿನೆಸೋಟ
22 ಫೆಬ್ರವರಿ 1987

ಅಪ್ಪಾ,

ಐದು ವಾರ ಆಯಿತು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಶಾಲೆಗೆ ಮಾಡಿದೆ, ಮಿಸ್ಟರ್ ಫೆರ್ಮಿನ್ ಅಂಗಳದಲ್ಲಿದ್ದಾರೆ ಅಂದರು. ಹತ್ತು ನಿಮಿಷ ಹಿಡಿದುಕೊಂಡೇ ನಿಂತಿದ್ದೆ. ನೀನು ಬರಲಿಲ್ಲ.

ಎರಡು ಕ್ಲಾಸಿಗೆ ಹೋಗುವುದು ಬಿಟ್ಟಿದ್ದೇನೆ. ನಲ್ಲಿ ಮುಟ್ಟುವ ಮೊದಲು ಕೈಯನ್ನು ನೋಡಿಕೊಳ್ಳುತ್ತೇನೆ.

ದೊಡ್ಡ ಪತ್ರ ಬೇಡ. ಹೌದು ಅಥವಾ ಇಲ್ಲ. ಒಂದೇ ಪದ ಬರೆ.

ಹಿಲ್ಡಾ


ಪೋಸೊ ಸೆಕೊ
8 ಮಾರ್ಚ್ 1987

ಮಗಳೇ,

ಇಲ್ಲ ಅಂತ ಬರೆದು ಲಕೋಟೆ ಅಂಟಿಸಿದ್ದೆ. ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ನೀನು ನಂಬುವುದಿಲ್ಲ. ನೀನು ಕೂಲರ್ ಮೆಕ್ಯಾನಿಕ್ಕಿನ ಮಗಳು.

ಹೌದು.

ಆದರೆ ಹೌದು ಅನ್ನುವ ಒಂದು ಪದದಲ್ಲಿ ಎಲ್ಲ ಬರುವುದಿಲ್ಲ. ಪೂರ್ತಿ ಓದು, ಆಮೇಲೆ ಹರಿದುಹಾಕು.

ಪ್ರತಿವರ್ಷ ನಿಮ್ಮನ್ನು ಬೆಟ್ಟದಲ್ಲಿ ಬಿಟ್ಟು ಭಾನುವಾರವೇ ನಾನು ಇಳಿಯುತ್ತಿದ್ದೆ. ಊರಿನ ಗಂಡಸರೆಲ್ಲ ಹಾಗೆಯೇ, ವಾರವೆಲ್ಲ ಕೆಳಗೆ ದುಡಿತ, ಶುಕ್ರವಾರ ಮೇಲೆ. ಆ ವರ್ಷ ಹಿಮದ ಭಾರಕ್ಕೆ ಬೆಟ್ಟದ ಮನೆಯ ತೊಲೆ ಮುರಿದಿತ್ತು. ಸರಿಮಾಡಿ ಹೋಗೋಣ ಅಂತ ಉಳಿದೆ. ಕೆಳಗಡೆ ಅಕ್ಕಪಕ್ಕದವರೆಲ್ಲ ಬೆಟ್ಟ ಹತ್ತಿದ್ದರು. ಬುಧವಾರ ಮಧ್ಯಾಹ್ನ ಮನೆಗೆ ಬಂದೆ. ಒಳಗೆ ಕೂಲರಿನ ಫ್ಯಾನ್ ಓಡುತ್ತಲೇ ಇತ್ತು. ಆ ಗಾಳಿ ಒಲೆಯ ಬಾಯಿಂದ ಬಂದ ಹಾಗಿತ್ತು. ಬಾಗಿಲುಗಳಿಗೆಲ್ಲ ಅವಳು ಹಾಸಿಗೆಯ ಬಟ್ಟೆ ನೆನೆಸಿ ಕಟ್ಟಿದ್ದಳು, ಕೂಲರ್ ಇಲ್ಲದ ಕಾಲದಲ್ಲಿ ಮಾಡುತ್ತಿದ್ದ ಹಾಗೆ. ಅವು ಒಣಗಿ ರಟ್ಟಾಗಿದ್ದವು. ಅವಳಿಗೆ ಅದು ಕೆಟ್ಟಿದೆ ಅಂತ ಹೊಳೆದಿತ್ತೋ ಇಲ್ಲವೋ. ನನಗೆ ಅನ್ನಿಸುವುದು, ಈ ವರ್ಷ ಬಿಸಿಲು ಜಾಸ್ತಿ ಅಂದುಕೊಂಡಿರುತ್ತಾಳೆ. ಯಾರನ್ನೂ ಕರೆಯುವವಳಲ್ಲ ಅವಳು. ಕುರ್ಚಿಯಲ್ಲಿದ್ದಳು. ಮಡಿಲಲ್ಲಿ ಅಂಜೂರದ ತಟ್ಟೆ. ಜೀವ ಹೋಗಿ ಒಂದು ದಿನವಾಗಿತ್ತು.

ಹಿತ್ತಿಲಿಗೆ ಹೋಗಿ ನೋಡಿದೆ. ನಲ್ಲಿ ಬಂದ್ ಆಗಿತ್ತು. ಡಾಕ್ಟರಿಗೆ ಫೋನ್ ಮಾಡುವ ಮೊದಲು ಅದನ್ನು ತಿರುಗಿಸಿ ನೀರು ಬಿಟ್ಟೆ. ಆಮೇಲೆ ಬಂದವರಿಗೆಲ್ಲ ಪಂಪಿನ ಕತೆ ಹೇಳಿದೆ. ಪಂಪ್ ಸುಟ್ಟಿದ್ದು ನಿಜವೇ.

ಬೆಟ್ಟಕ್ಕೆ ನಿನ್ನನ್ನು ಕರೆದುಕೊಂಡು ಬರಲು ಹೋದಾಗ ಪುಸ್ತಕ ತೆಗೆದು ನೋಡಿದೆ. ನಿನ್ನ ಅಕ್ಷರದಲ್ಲಿ ಬರೆದಿತ್ತು: ನಲ್ಲಿ ಬಂದ್, ಹಿಲ್ಡಾ. ಗಡ್ಡ ಮಾಡಿಕೊಳ್ಳುವ ಬ್ಲೇಡಿನಲ್ಲಿ ಕೊಯ್ದೆ. ಸುಡೋಣ ಅಂತ ಒಲೆಯ ಹತ್ತಿರ ಹೋದೆ. ಅದೇ ಪುಟದಲ್ಲಿ ಮೇಲೆ, "ಅಜ್ಜಿ ಬರಲಿಲ್ಲ, ಅಂಜೂರಕ್ಕೆ ಕಾಯುತ್ತಿದ್ದಾಳೆ, ನನಗೆ ಬೇಜಾರು" ಅಂತಲೂ ನೀನು ಬರೆದಿದ್ದೆ. ಸುಡಲು ಆಗಲಿಲ್ಲ. ನನ್ನ ಹತ್ತಿರವೇ ಇದೆ.

ಈಗ ನಿನಗೆ ನೆನಪಿಲ್ಲದ್ದನ್ನು ಹೇಳುತ್ತೇನೆ. ಆ ನಲ್ಲಿಯ ಸಾಲಿಗೆ ಮುಂಚಿನ ಸಾಲನ್ನೂ ನೀನು ತಪ್ಪದೆ ಬರೆದಿದ್ದೀಯ. ಅಪ್ಪ ಎರಡು ಸಲ ಹಾರ್ನ್ ಹೊಡೆದ. ಹೊಡೆದೆ ಮಗಳೇ. ಅಮ್ಮ ಮರದ ಕೆಳಗೆ ಕೂತಿದ್ದಾಳೆ, ಬರುವುದಿಲ್ಲ ಅಂದಿದ್ದಾಳೆ, ನನ್ನ ಕಣ್ಣಿಗೆ ಕಾಣುತ್ತಿದ್ದಾಳೆ. ಆದರೂ ಟ್ರಕ್ ಹತ್ತಿ ಕೂತ ತಕ್ಷಣ ನನ್ನ ಕೈ ಹಾರ್ನಿನ ಮೇಲೆ ಹೋಯಿತು. ಏಳು ವರ್ಷದ ಮಗುವಿಗೆ ಆ ಶಬ್ದಕ್ಕೆ ಓಡುವುದನ್ನು ಕಲಿಸಿದವನು ನಾನು. ಯೋಚನೆ ಮಾಡದೆ ಓಡಬೇಕು, ಆಗಲೇ ಮರೆಯುವುದಿಲ್ಲ ಅಂತ ಕಲಿಸಿದೆ. ನೀನು ಮರೆಯಲಿಲ್ಲ. ಅದಕ್ಕೇ ಊರಿನ ಎದುರು ತಪ್ಪು ನನ್ನದು ಅಂದಾಗ ನಾನು ಸುಳ್ಳು ಹೇಳಿದೆ ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ.

ಕ್ಷೌರದಂಗಡಿಗೆ ಹೋದರೆ, "ಫೆರ್ಮಿನ್ ಬಂದ, ಆ ಫ್ಯಾನ್ ಒಂಚೂರು ಜೋರು ಮಾಡ್ರೋ," ಅನ್ನುತ್ತಿದ್ದರು. ಅನ್ನಲಿ. ನಿನ್ನನ್ನು ಅನ್ನಲಿಲ್ಲವಲ್ಲ.

ಹಾಸ್ಟೆಲಿಗೆ ಕಳಿಸಿದ್ದು ಸಿಟ್ಟಿನಿಂದಲ್ಲ. ಈ ಮನೆಯಲ್ಲಿದ್ದರೆ ಒಂದಲ್ಲ ಒಂದು ದಿನ ಹಿತ್ತಿಲಿಗೆ ಹೋಗುತ್ತೀ, ಆ ಹಿಡಿ ಮುಟ್ಟುತ್ತೀ, ಕೈಗೆ ನೆನಪಾಗುತ್ತದೆ ಅಂತ ಹೆದರಿದೆ. ಬೇಸಿಗೆಗೆ ಕರೆಯದೆ ಇದ್ದದ್ದೂ ಅದಕ್ಕೇ. ನೀನು ನನ್ನನ್ನು ದ್ವೇಷಿಸಿಕೊಂಡೇ ಇರು, ಚೆನ್ನಾಗಿ ಓದು ಅಂತ ಬಯಸಿದೆ. ಅಷ್ಟು ದೂರ ಕಳಿಸಿದರೂ ಅಲ್ಲೊಂದು ನಲ್ಲಿ ಇರುತ್ತದೆ ಅಂತ ಯೋಚಿಸಲಿಲ್ಲ ನೋಡು.

ಕ್ಲಾಸಿಗೆ ಹೋಗು ಮಗಳೇ.

ಅಪ್ಪ


ಮಿನೆಸೋಟ
19 ಏಪ್ರಿಲ್ 1987, ಈಸ್ಟರ್ ಭಾನುವಾರ

ಅಪ್ಪಾ,

ಹರಿದುಹಾಕಲಿಲ್ಲ.

ಆರು ವಾರ ಯಾಕೆ ಬರೆಯಲಿಲ್ಲ ಅಂದರೆ, ಮೊದಲು ನನ್ನ ತಪ್ಪಿಗೆ ಅಳು ಬಂತು, ಆಮೇಲೆ ನಿನ್ನ ಮೇಲೆ ಸಿಟ್ಟು ಬಂತು. ಬಹಳ ಸಿಟ್ಟು. ಐದು ವರ್ಷ ನಾನು ದ್ವೇಷ ಮಾಡಿದ್ದು ತಪ್ಪು ಮನುಷ್ಯನನ್ನು. ಅದನ್ನು ನೀನು ನೋಡಿಕೊಂಡು ಸುಮ್ಮನಿದ್ದೆ. ಚರ್ಚಿನ ಮೆಟ್ಟಿಲ ಮೇಲೆ ನಾನು ಆ ಮಾತು ಅಂದಾಗ ನೀನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ನೀನು ಒಪ್ಪಿಕೊಂಡೆ ಅಂತ ನಾನು ತಿಳಿದೆ. ಈಗ ಆ ಟೋಪಿಯೇ ಕಣ್ಣಿಗೆ ಕಟ್ಟುತ್ತದೆ. ಹುಡುಗಿಗೆ ಹದಿಮೂರು, ಅವಳಿಗೆ ಗೊತ್ತಾಗಬಾರದು ಅಂತ ನೀನೊಬ್ಬನೇ ತೀರ್ಮಾನ ಮಾಡಿದೆ. ಅಜ್ಜಿಗೆ ನಾನು ಕ್ಷಮೆ ಕೇಳಬೇಕಿತ್ತು ಅಪ್ಪಾ. ಐದು ವರ್ಷ ನಾನು ಅವಳ ಪರವಾಗಿ ಜಗಳ ಆಡುತ್ತಿದ್ದೇನೆ ಅಂದುಕೊಂಡಿದ್ದೆ.

ಹಾಸ್ಟೆಲ್ ನೋಡಿಕೊಳ್ಳುವಾತನ ಹತ್ತಿರ ಹೋಗಿ ನಲ್ಲಿ ಬಂದ್ ಮಾಡಿದ್ದು ನಾನೇ ಅಂದೆ. ಗೋಡೆಗೆ ಬಣ್ಣ ಹೊಡೆಯುತ್ತಿದ್ದ. "ಗೊತ್ತು ಬಿಡಮ್ಮಾ. ಆ ಬ್ರಶ್ ತಗೋ, ಆ ಮೂಲೆ ನಂಗೆ ಬಗ್ಗಕ್ಕಾಗಲ್ಲ," ಅಂದ. ಮೂಲೆಗೆ ಬಣ್ಣ ಹೊಡೆದೆ. ಹೇಳುವುದು ಅಷ್ಟು ಸುಲಭ ಅಂತ ನನಗೆ ಗೊತ್ತಿರಲಿಲ್ಲ.

ಊರಿಗೂ ಹೇಳುತ್ತೇನೆ. ಕ್ಷೌರದಂಗಡಿಯಲ್ಲಿ, ಚರ್ಚಿನಲ್ಲಿ, ಎಲ್ಲ ಕಡೆ. ನಿನಗೆ ಮತ್ತೆ ಏಣಿ ಹತ್ತುವ ಕೆಲಸ ಕೊಡಲಿ.

ಜೂನ್ ಮೂರಕ್ಕೆ ಬಸ್ಸಿನಲ್ಲಿ ಬರುತ್ತೇನೆ. ನೀನು ಕರೆಯದಿದ್ದರೂ ಬರುತ್ತೇನೆ.

ಹಿಲ್ಡಾ


ಪೋಸೊ ಸೆಕೊ
3 ಮೇ 1987

ಮಗಳೇ,

ಬಾ.

ಊರಿಗೆ ಹೇಳುವುದು ಬೇಡ. ಇದೊಂದು ವಿಷಯದಲ್ಲಿ ಅಪ್ಪನ ಮಾತು ಕೇಳು. ನನ್ನ ಮೊಣಕಾಲಿಗೆ ಈಗ ಏಣಿ ಆಗುವುದೂ ಇಲ್ಲ. ಈ ಊರಿನವರ ಬಾಯಿಗೆ ಒಂದು ಹೆಸರು ಸಾಕು, ಅದು ನನ್ನದಾಗಿಯೇ ಅಭ್ಯಾಸವಾಗಿದೆ. ನಿನಗೆ ಗೊತ್ತು, ನನಗೆ ಗೊತ್ತು. ಅಷ್ಟಕ್ಕೇ ನನಗೆ ನಡೆಯುವಾಗ ಹಗುರ ಅನ್ನಿಸುತ್ತದೆ, ಯಾಕೋ.

ಬಸ್ಸು ಈಗ ಗ್ಯಾಸ್ ಸ್ಟೇಷನ್ ಹತ್ತಿರ ನಿಲ್ಲುತ್ತದೆ. ಹಳೇ ಟ್ರಕ್ ಇಲ್ಲ, ನೀಲಿಯದನ್ನು ನೋಡು. ನನ್ನ ತಲೆ ಬೆಳ್ಳಗಾಗಿದೆ, ಗುರುತು ಸಿಗದೆ ಮುಂದೆ ಹೋಗಿಬಿಡಬೇಡ.

ಹಸಿರು ಪುಸ್ತಕ ತಾ. ಶನಿವಾರ ಬೆಟ್ಟಕ್ಕೆ ಹೋಗೋಣ. ಆ ಹಾಳೆ ನಾನು ತರುತ್ತೇನೆ.

ಅಪ್ಪ


ಬೆಲ್ ಸ್ಪ್ರಿಂಗ್ ಮನೆಯ ಪುಸ್ತಕ
6 ಜೂನ್ 1987, ಶನಿವಾರ

ಬಂದವರು: ಅಪ್ಪ, ಹಿಲ್ಡಾ.

ಹೊಗೆ ಕೊಳವೆಯಲ್ಲಿ ಹಕ್ಕಿಗೂಡು. ಮರಿ ಹಾರುವ ತನಕ ಒಲೆ ಹೊರಗೇ. ಅಪ್ಪ ರೊಟ್ಟಿ ಮಾಡಿದ. ಭೂಪಟದ ಹಾಗಿತ್ತು. ಎರಡು ಅರ್ಧಗಳೂ ತಿಂದವು. ಇಲಿ: ಒಂದೂ ಇಲ್ಲ, ಹಾಳೆ ತಿಂದ ಇಲಿ ಯಾವತ್ತೂ ಇರಲಿಲ್ಲ ಅಂತ ಅಪ್ಪ ಒಪ್ಪಿಕೊಂಡ.

1981ರ ಹಾಳೆಯನ್ನು ಅದರ ಜಾಗದಲ್ಲಿ ಅಂಟಿಸಿದ್ದೇವೆ. ಗೋಂದು ಒಣಗುವ ತನಕ ಪುಸ್ತಕದ ಮೇಲೆ ಅಜ್ಜಿಯ ಕಬ್ಬಿಣದ ಬಾಣಲೆ ಇಟ್ಟಿದ್ದೆವು.

ಕೆಳಗಿನ ಮನೆ:
ಗ್ಯಾಸ್ ಬಂದ್: ಅಪ್ಪ.
ಕಿಟಕಿ ಬಂದ್: ಹಿಲ್ಡಾ.
ಅಂಜೂರದ ಮರದ ಕೆಳಗಿನ ಕುರ್ಚಿ: ಒಳಗೆ ತಂದಿಲ್ಲ.

ಎಲ್ಲ ಏರಿಸಿದ ಮೇಲೆ ಅಪ್ಪ ಟ್ರಕ್ಕಿನಲ್ಲಿ ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಹಾರ್ನ್ ಹೊಡೆಯಲಿಲ್ಲ. ನಾನು ನಡೆದುಕೊಂಡು ಹಿತ್ತಿಲಿಗೆ ಹೋದೆ. ಹಿಡಿ ಸುಡುತ್ತಿತ್ತು. ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತಿದ್ದೆ. ವಾಪಸ್ ಬಂದು ಕೂತೆ. ಅಪ್ಪ ಟ್ರಕ್ ಶುರು ಮಾಡಿದ. ಚಾವಣಿ ಸೋರಿದರೆ ಸೋರಲಿ.

ಕೂಲರಿನ ನಲ್ಲಿ: ತೆರೆದೇ ಇದೆ. ಹಿಲ್ಡಾ.

ಕೆಳಗಿನ ಮನೆಯಲ್ಲಿ ಯಾರೂ ಇಲ್ಲ. ಕೂಲರ್ ಓಡುತ್ತಿದೆ. ಒಳಗೆ ತಂಪಾಗಿದೆ.